ಸಂತೆಯಿಂದ ತಂದ ಹುಂಜ ಅಸಲಿಯೋ ಬೆರಕೆಯೋ? ಯಾವ ಹೇಂಟೆಗೆ ಬಿಡಬೇಕು?

ಪ್ರಶ್ನೆ: ನಾವು ಪಾವಗಡ ಕಡೆಯವರು. ಹೋದ ತಿಂಗಳು ಸಂತೆಯಲ್ಲಿ 2,200 ರೂಪಾಯಿ ಕೊಟ್ಟು ಒಂದು ಹುಂಜ ತಂದೆ. ಮಾರಿದವರು ‘ಅಸಲಿ ಅಸೀಲ್, ಡೇಗ ಜಾತಿ’ ಅಂದರು. ಕೆಂಪು ಮೈ, ಕಪ್ಪು ಬಾಲ, ಹಳದಿ ಕಾಲು. ತೂಕ 3.2 ಕೆಜಿ. ಹತ್ತು ತಿಂಗಳದ್ದು ಅಂತ ಹೇಳಿದ್ದಾರೆ. ಮನೆಯಲ್ಲಿ 14 ಹೇಂಟೆ ಇವೆ. ಆರು ಊರಿನ ನಾಟಿ, ನಾಲ್ಕು ಗಿರಿರಾಜ, ಎರಡು ಬೋಳು ಕತ್ತಿನವು, ಎರಡು ಕಡಕ್‌ನಾಥ್. ಮುಖ್ಯವಾಗಿ ಮಾಂಸಕ್ಕೆ ಮರಿ ಬೆಳೆಸಿ ಮಾರುತ್ತೇವೆ, ಮೊಟ್ಟೆ ಮನೆಗೆ. ಮಷಿನ್ ಇಲ್ಲ, ಹೇಂಟೆಯನ್ನೇ ಕಾವಿಗೆ ಕೂರಿಸುತ್ತೇವೆ. ಈ ಹುಂಜದ ತಳಿ ಎಷ್ಟು ಶುದ್ಧ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಯಾವ ಹೇಂಟೆಗಳ ಜೊತೆ ಬಿಡಬೇಕು? ಫೋಟೊ ಕಳಿಸಿದ್ದೇನೆ.

ಉತ್ತರ: ಬೇಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಸೀಲ್ ಅಂದರೆ ಜಗಳಕ್ಕೆ ಹೆಸರಾದ ನಮ್ಮ ದೇಶದ್ದೇ ಕೋಳಿ ತಳಿ. ಫೋಟೊದಲ್ಲಿರುವುದು ಪೂರ್ತಿ ಅಸೀಲ್ ಅಲ್ಲ. ಅಸೀಲ್ ರಕ್ತ ಇದೆ, ಚೆನ್ನಾಗಿಯೇ ಇದೆ. ಆದರೆ ಬೆರಕೆ. ಹಾಗಂತ ದುಡ್ಡು ದಂಡ ಆಯಿತು ಅಂದುಕೊಳ್ಳಬೇಡಿ. ನೀವು ಮಾಡುತ್ತಿರುವ ಕೆಲಸಕ್ಕೆ ಇಂಥ ಹುಂಜ ನಡೆಯುತ್ತದೆ, ಕೆಲವು ವಿಷಯ ಸರಿ ಇದ್ದರೆ.

ಬೆರಕೆ ಅಂತ ಹೇಗೆ ಹೇಳಿದೆ ಅಂತ ಕೇಳುತ್ತೀರಿ. ಮೊದಲು ‘ಡೇಗ ಜಾತಿ’ ಅನ್ನೋ ಮಾತನ್ನು ಪಕ್ಕಕ್ಕಿಡೋಣ. ಡೇಗ, ಕಾಕಿ, ನೆಮಲಿ ಇವೆಲ್ಲ ಆಂಧ್ರದ ಕಡೆಯಿಂದ ಬಂದ ತೆಲುಗು ಹೆಸರುಗಳು. ನಿಮ್ಮೂರು ಗಡಿಯಲ್ಲೇ ಇರೋದರಿಂದ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾಕಿ ಅಂದರೆ ಕಾಗೆ, ನೆಮಲಿ ಅಂದರೆ ನವಿಲು, ಡೇಗ ಅಂದರೆ ಗಿಡುಗ. ಪುಕ್ಕದ ಬಣ್ಣ ನೋಡಿ ಇಟ್ಟ ಹೆಸರುಗಳು ಇವು. ಅಸೀಲ್‌ನಲ್ಲಿ ಕೆಂಪು, ಕಪ್ಪು, ಬಿಳಿ, ಬೂದು ಎಲ್ಲ ಬಣ್ಣವೂ ಇವೆ. ಅದೇ ಕೆಂಪು ಮೈ, ಕಪ್ಪು ಬಾಲ ನಮ್ಮ ನಾಟಿ ಹುಂಜಕ್ಕೂ ಇದೆ. ಬಣ್ಣ ನೋಡಿ ತಳಿ ಹೇಳೋದು ಅಂದರೆ ಅಂಗಿ ನೋಡಿ ಊರು ಹೇಳಿದ ಹಾಗೆ. ಬಣ್ಣ ಬಿಟ್ಟು ಎಲುಬು ಮತ್ತು ತಲೆ ನೋಡಬೇಕು.

ಅಸೀಲ್ ನಿಂತರೆ ನೆಟ್ಟಗೆ ನಿಲ್ಲುತ್ತದೆ. ಕತ್ತು ಉದ್ದ, ಭುಜ ಅಗಲ, ಬೆನ್ನು ಹಿಂದಕ್ಕೆ ಇಳಿಜಾರು. ಬಾಲ ಚಿಕ್ಕದು, ನೆಲದ ಕಡೆ ಬಾಗಿರುತ್ತದೆ. ಗರಿ ಕಡಿಮೆ, ಮೈಗೆ ಅಂಟಿದಂತೆ ಬಿಗಿಯಾಗಿರುತ್ತವೆ. ಎದೆ ಮೂಳೆಯ ಉದ್ದಕ್ಕೂ ಕೆಂಪು ಚರ್ಮ ಕಾಣಿಸುತ್ತದೆ. ಹುಬ್ಬಿನ ಮೂಳೆ ಮುಂದಕ್ಕೆ ಚಾಚಿ ಕಣ್ಣು ಒಳಗೆ ಕೂತಿರುತ್ತದೆ. ಗಲ್ಲದ ಕೆಳಗಿನ ಜೋಲು ಇದ್ದೂ ಇಲ್ಲದ ಹಾಗೆ. ತಲೆಯ ಮೇಲಿನ ಜುಟ್ಟು ಗರಗಸದ ಹಲ್ಲಿನಂತೆ ಎದ್ದು ನಿಂತಿರೋದಿಲ್ಲ. ತಗ್ಗಾಗಿ, ಮೂರು ಸಾಲು ಸಣ್ಣ ಗುಳ್ಳೆಗಳಂತೆ ಕೂತಿರುತ್ತದೆ. ಪೂರ್ತಿ ಬೆಳೆದ ಹುಂಜ 4 ಕೆಜಿ ಮುಟ್ಟುವುದು ಸಾಮಾನ್ಯ.

ನಿಮ್ಮ ಹುಂಜದ ಜುಟ್ಟು ಗುಳ್ಳೆ ಜುಟ್ಟೇ, ಸರಿ. ಕಾಲು ದಪ್ಪ, ಭುಜ ಅಗಲ, ಅದೂ ಸರಿ. ಆದರೆ ಗಲ್ಲದ ಜೋಲು ಹತ್ತಿರ ಹತ್ತಿರ ಒಂದು ಇಂಚು ಇಳಿಬಿದ್ದಿದೆ. ಬಾಲ ಕುಡುಗೋಲಿನ ಹಾಗೆ ಮೇಲಕ್ಕೆ ಬಾಗಿ ನಿಂತಿದೆ. ಕತ್ತಿನ ಗರಿ ಸಡಿಲವಾಗಿ ಭುಜದ ಮೇಲೆ ಹರಡಿದೆ. ಇವು ಮೂರೂ ಊರ ಕೋಳಿಯ ಗುರುತು. ತಾಯಿಯೋ ಅಜ್ಜಿಯೋ ನಾಟಿ ಇರಬೇಕು.

ಇಲ್ಲೊಂದು ಮೋಸ ನಡೆಯುತ್ತದೆ, ಮುಂದೆ ಹುಂಜ ಕೊಳ್ಳುವಾಗ ನೆನಪಿಟ್ಟುಕೊಳ್ಳಿ. ಕೋಳಿ ಅಂಕಕ್ಕೆ, ಅಂದರೆ ಜಗಳಕ್ಕೆ, ಬಿಡುವವರು ಜುಟ್ಟು, ಜೋಲು ಎರಡನ್ನೂ ಚಿಕ್ಕಂದಿನಲ್ಲೇ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ಮೇಲೆ ಎಂಥ ಜುಟ್ಟಿತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ. ಗರಗಸ ಜುಟ್ಟಿನ ಬೆರಕೆಯೂ ಅಸೀಲ್‌ನಂತೆ ಕಾಣುತ್ತದೆ. ಹೆಬ್ಬೆರಳಿನಿಂದ ಜುಟ್ಟಿನ ಜಾಗ ಸವರಿ ನೋಡಿ. ಗುಳ್ಳೆ ಸಿಗದೆ ನುಣ್ಣಗೆ, ಗಾಯ ಒಣಗಿದ ಗೆರೆಯಂತೆ ಸಿಕ್ಕರೆ ಅಲ್ಲಿ ಕತ್ತರಿ ಆಡಿದೆ. ಕೋಳಿ ಜಗಳ ಹಚ್ಚೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಆ ಮಾತು ಬೇರೆ. ನಮಗೆ ಬೇಕಾದ ವಿಷಯ ಏನೆಂದರೆ, ಅಲ್ಲಿ ಸೋತು ಗಾಯಗೊಂಡ ಹುಂಜಗಳು ‘ತಳಿಗೆ ಇಟ್ಟುಕೊಳ್ಳಿ’ ಅಂತ ಸಂತೆಗೆ ಬರುತ್ತವೆ. ಕಾಲಿನ ಹಿಂದಿನ ಮುಳ್ಳು ಕತ್ತರಿಸಿದೆಯಾ, ಒಂದು ಕಣ್ಣು ಮಸುಕಾಗಿದೆಯಾ, ರೆಕ್ಕೆ ಒಂದು ಕಡೆ ಜೋತಿದೆಯಾ ನೋಡಿಯೇ ದುಡ್ಡು ತೆಗೆಯಿರಿ.

ಕಣ್ಣಿನಿಂದ ನೋಡಿದ್ದು ಇಷ್ಟು. ಇನ್ನು ಒಳಗೇನಿದೆ ಅಂತ ಮರಿಗಳೇ ಹೇಳಬೇಕು. ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಗುಳ್ಳೆ ಜುಟ್ಟಿನ ಗುಣ ಗರಗಸ ಜುಟ್ಟಿನ ಗುಣವನ್ನು ಮುಚ್ಚಿಹಾಕುತ್ತದೆ. ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಗುಳ್ಳೆ ಗುಣ ಬಂದಿದ್ದರೂ ಗುಳ್ಳೆ ಜುಟ್ಟೇ, ಒಬ್ಬರಿಂದ ಮಾತ್ರ ಬಂದಿದ್ದರೂ ಗುಳ್ಳೆ ಜುಟ್ಟೇ. ಹೊರಗಿನಿಂದ ಎರಡನ್ನೂ ಬೇರೆ ಮಾಡೋದು ಕಷ್ಟ. ನಿಮ್ಮ ನಾಟಿ ಹೇಂಟೆಗಳಲ್ಲಿ ಗರಗಸ ಜುಟ್ಟಿನವು ಇರುತ್ತವಲ್ಲ, ಅವಕ್ಕೆ ಈ ಹುಂಜ ಬಿಡಿ. ಹುಂಜದಲ್ಲಿ ಗರಗಸ ಗುಣ ಅಡಗಿದ್ದರೆ ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಗರಗಸ ಜುಟ್ಟು ಬರುತ್ತದೆ. ಅಡಗಿಲ್ಲದಿದ್ದರೆ ಒಂದಕ್ಕೂ ಬರೋದಿಲ್ಲ. ಹತ್ತು ಮರಿಯಲ್ಲಿ ಹತ್ತಕ್ಕೂ ಗುಳ್ಳೆ ಜುಟ್ಟು ಬಂತು ಅನ್ನಿ, ಅದು ಸುಮ್ನೆ ಅದೃಷ್ಟದಿಂದ ಆಗುವ ಸಾಧ್ಯತೆ 1,024ಕ್ಕೆ ಒಂದು. ಒಂದೇ ಒಂದು ಮರಿಗೆ ಗರಗಸ ಬಂದರೂ ಸಾಕು, ವಿಷಯ ಬಯಲಾಯಿತು. ಇದು ಜುಟ್ಟಿನ ಲೆಕ್ಕ ಮಾತ್ರ, ಇಡೀ ತಳಿಯ ಶುದ್ಧತೆಗೆ ಇದೊಂದೇ ಸಾಕ್ಷಿ ಸಾಲದು. ಆದರೆ ‘ಏಳು ತಲೆಮಾರಿನಿಂದ ಅಸಲಿ’ ಅನ್ನುವವನ ಮಾತಿಗಿಂತ ಈ ಸಾಕ್ಷಿ ಗಟ್ಟಿ.

ಈಗ ಹುಂಜವನ್ನು ಕೈಗೆ ತೆಗೆದುಕೊಳ್ಳೋಣ. ಹಗಲಲ್ಲಿ ಬೇಡ, ಅಟ್ಟಾಡಿಸಿ ಹಿಡಿದರೆ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಏನೂ ಗೊತ್ತಾಗೋದಿಲ್ಲ. ರಾತ್ರಿ ಎಂಟರ ಮೇಲೆ, ಕೂತಲ್ಲಿಂದಲೇ ಎರಡು ಕೈಯಲ್ಲಿ ಎತ್ತಿ. ಮೊದಲು ಕಿವಿ ಹತ್ತಿರ ಹಿಡಿದು ಉಸಿರು ಕೇಳಿ. ಗೊರ ಗೊರ ಸದ್ದು ಬಂದರೆ ಶ್ವಾಸದ ಕಾಯಿಲೆ ಇದೆ. ಅಂಥದ್ದರಲ್ಲಿ ಕೆಲವು ಮೊಟ್ಟೆಯ ಮೂಲಕ ಮರಿಗೂ ದಾಟುತ್ತವೆ. ಆಮೇಲೆ ಹೆಬ್ಬೆರಳನ್ನು ಎದೆ ಮೂಳೆಯ ಮೇಲಿಟ್ಟು ಮೇಲಿನಿಂದ ಕೆಳಗೆ ಎಳೆಯಿರಿ. ದೋಣಿಯ ಅಡಿಯಂತೆ ನೇರವಾಗಿ ಸಾಗಬೇಕು. ಅಡ್ಡಕ್ಕೆ ಸೊಟ್ಟಗಾಗಿದ್ದರೆ, ನಡುವೆ ಗುಂಡಿ ಬಿದ್ದಿದ್ದರೆ ತಳಿಗೆ ಬೇಡ. ಮೂಳೆಯ ಎರಡೂ ಕಡೆ ಮಾಂಸ ತುಂಬಿರಬೇಕು. ಮಾಂಸಕ್ಕೆ ಮಾರುವವರು ನೀವು, ನಿಮ್ಮ ದುಡ್ಡು ಇರೋದೇ ಆ ಎರಡು ಅಂಗೈ ಜಾಗದಲ್ಲಿ. ಮೂಳೆ ಚಾಕುವಿನಂತೆ ಕೈಗೆ ಚುಚ್ಚಿದರೆ, ತೂಕ ಎಷ್ಟೇ ಇರಲಿ, ಅದು ಎಲುಬಿನ ತೂಕ.

ಕಾಲುಗಳು ಸಮಾನಾಂತರವಾಗಿ ನಿಲ್ಲಬೇಕು. ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗಬಾರದು. ಬೆರಳು ಸೊಟ್ಟಗಿರಬಾರದು. ಕಾಲಿನ ಹುರುಪೆ ಎದ್ದು ಸುಣ್ಣ ಮೆತ್ತಿದಂತಿದ್ದರೆ ಅದು ತಳಿ ದೋಷ ಅಲ್ಲ, ನುಸಿ. ಬೇವಿನೆಣ್ಣೆ ಹಚ್ಚಿ ಕೆಲವು ವಾರ ನೋಡಿ. ಮುಳ್ಳು ವಯಸ್ಸು ಹೇಳುತ್ತದೆ. ಹತ್ತು ತಿಂಗಳ ಹುಂಜಕ್ಕೆ ಚಿಕ್ಕ ಮೊಂಡು ಮೊಳಕೆ ಇರಬೇಕು. ಉದ್ದವಾಗಿ ಬಾಗಿದ್ದರೆ ನಿಮಗೆ ವಯಸ್ಸಲ್ಲೂ ಸುಳ್ಳು ಹೇಳಿದ್ದಾರೆ, ಎರಡು ವರ್ಷ ದಾಟಿದೆ.

ಕಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇಲ್ಲಿ ತಿಳಿದವರೂ ಎಡವುತ್ತಾರೆ. ಒಳ್ಳೆ ಅಸೀಲ್‌ನ ಕಣ್ಣು ಮುತ್ತಿನ ಬಿಳುಪು. ಮಾರೆಕ್ಸ್ ಅನ್ನೋ ಕಾಯಿಲೆ ಬಂದ ಕೋಳಿಯ ಕಣ್ಣೂ ಬೂದು ಬಿಳುಪಾಗುತ್ತದೆ. ವ್ಯತ್ಯಾಸ ನಡುವಿನ ಕಪ್ಪು ಪಾಪೆಯಲ್ಲಿದೆ. ಟಾರ್ಚ್ ಬಿಡಿ. ಆರೋಗ್ಯದ ಕಣ್ಣಿನಲ್ಲಿ ಪಾಪೆ ದುಂಡಗಿದ್ದು, ಬೆಳಕಿಗೆ ತಟ್ಟನೆ ಕುಗ್ಗುತ್ತದೆ. ಕಾಯಿಲೆಯ ಕಣ್ಣಿನಲ್ಲಿ ಪಾಪೆಯ ಅಂಚು ಹರಿದಂತೆ ಇರುತ್ತದೆ, ಕುಗ್ಗೋದಿಲ್ಲ. ಒಂದು ಸಲ ನಾನೇ ಇದನ್ನು ಗಮನಿಸದೆ ‘ಎಂಥಾ ಮುತ್ತಿನ ಕಣ್ಣು’ ಅಂತ ಹೊಗಳಿ, ಮೂರು ತಿಂಗಳಲ್ಲಿ ಆ ಹುಂಜ ಕಾಲು ಎಳೆದುಕೊಂಡು ಓಡಾಡೋದನ್ನು ನೋಡಿದ್ದೇನೆ. ವೃತ್ತಿಯಲ್ಲಿ ನಾನು ಪಶುವೈದ್ಯ. ಆದರೂ ಹಾಗಾಯಿತು.

ಇನ್ನು ನಡವಳಿಕೆ. ಬೆಳಗ್ಗೆ ಒಂದು ಹಿಡಿ ಜೋಳ ಹುಂಜದ ಮುಂದೆ ಮಾತ್ರ ಹಾಕಿ. ಒಳ್ಳೆ ಹುಂಜ ಕಾಳು ಎತ್ತಿ ಮತ್ತೆ ನೆಲಕ್ಕೆ ಬಿಟ್ಟು, ಕೊಕ್ ಕೊಕ್ ಅಂತ ಹೇಂಟೆಗಳನ್ನು ಕರೆಯುತ್ತದೆ. ತಾನೇ ಎಲ್ಲ ನುಂಗಿ, ಬಂದ ಹೇಂಟೆಗಳನ್ನು ಕುಕ್ಕಿ ಓಡಿಸಿದರೆ ಹೇಂಟೆಗಳು ಅದರ ಹತ್ತಿರ ಸುಳಿಯೋದು ಕಮ್ಮಿ. ಮೊಟ್ಟೆ ಬರಡಾಗುತ್ತವೆ. ಮನುಷ್ಯರ ಮೇಲೆ, ಅದರಲ್ಲೂ ಮಕ್ಕಳ ಮೇಲೆ ಹಾರುವ ಹುಂಜವನ್ನು ನಾನು ಎಷ್ಟೇ ಚೆನ್ನಾಗಿದ್ದರೂ ತಳಿಗೆ ಇಡೋದಿಲ್ಲ. ಆ ಬುದ್ಧಿ ಅದರ ಮರಿಗಳಿಗೂ ಇಳಿಯುತ್ತದೆ.

ಬೀಜ ಹಿಡಿಯುತ್ತದೋ ಇಲ್ಲವೋ ಅಂತ ತಿಳಿಯಲು ಇಪ್ಪತ್ತೊಂದು ದಿನ ಕಾಯಬೇಕಿಲ್ಲ. ಹೇಂಟೆಗಳ ಜೊತೆ ಬಿಟ್ಟು ಹತ್ತು ದಿನವಾದ ಮೇಲೆ ನಾಲ್ಕು ಮೊಟ್ಟೆ ಆಮ್ಲೆಟ್ಟಿಗೆ ಒಡೆಯಿರಿ. ಹಳದಿಯ ಮೇಲೆ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಆ ಚುಕ್ಕೆ ಉಂಗುರದ ಹಾಗೆ, ನಡುವೆ ತಿಳಿಯಾಗಿ ಸುತ್ತ ಬಿಳಿ ಅಂಚಿದ್ದರೆ ಮೊಟ್ಟೆ ಕಟ್ಟಿದೆ. ಅಂಚು ಇಲ್ಲದ ಗಟ್ಟಿ ಬಿಳಿ ಚುಕ್ಕೆಯಾದರೆ ಬರಡು. ಮೊದಲ ಸಲ ಗೊಂದಲ ಆಗುತ್ತದೆ. ಅಂಗಡಿಯ ಫಾರಂ ಮೊಟ್ಟೆ ಒಂದನ್ನು ಪಕ್ಕದಲ್ಲಿ ಒಡೆದಿಟ್ಟುಕೊಳ್ಳಿ, ಅದು ಖಂಡಿತ ಬರಡು, ಹೋಲಿಸಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಹುಂಜದ ಬಗ್ಗೆ ದೊಡ್ಡ ಪ್ರಶ್ನೆ ಉಳಿದೇ ಇರುತ್ತದೆ. ಅದರ ತಾಯಿ ಎಂಥದ್ದು? ಹುಂಜ ಮೊಟ್ಟೆ ಇಡೋದಿಲ್ಲ, ಕಾವಿಗೆ ಕೂರೋದಿಲ್ಲ, ಮರಿ ಮೇಯಿಸೋದಿಲ್ಲ. ಆದರೆ ಅದರ ಹೆಣ್ಣುಮಕ್ಕಳು ಇದೆಲ್ಲ ಮಾಡಬೇಕು. ಆ ಗುಣದಲ್ಲಿ ಅರ್ಧ ಬರೋದು ಈ ಹುಂಜದ ಮೂಲಕವೇ. ಸಂತೆಯಲ್ಲಿ ಕೊಂಡರೆ ತಾಯಿಯನ್ನು ನೋಡಲು ಆಗೋದಿಲ್ಲ, ಅದೇ ಸಂತೆಯ ತೊಂದರೆ. 2,200 ರೂಪಾಯಿ ಕೊಡುವವರು ಪಕ್ಕದ ಊರಿಗೆ ಹೋಗಿ, ತಾಯಿಯನ್ನೂ ಅದರ ಒಡಹುಟ್ಟಿದ ಹೇಂಟೆಗಳನ್ನೂ ನೋಡಿ ತರಬಹುದಿತ್ತು. ಅಸೀಲ್ ಮೊಟ್ಟೆಯಲ್ಲಿ ತುಂಬಾ ಬಡ ತಳಿ. ನಿಮ್ಮ ಹುಂಜದ ಹೆಣ್ಣುಮರಿಗಳು ತಾಯಿಗಿಂತ ಕಮ್ಮಿ ಮೊಟ್ಟೆ ಇಟ್ಟರೆ ಆಶ್ಚರ್ಯಪಡಬೇಡಿ. ಗಂಡುಮರಿಗಳು ಬೇಗ ತೂಕ ಬರುತ್ತವೆ, ಮಾಂಸ ಗಟ್ಟಿ, ಒಳ್ಳೆ ಬೆಲೆ ಸಿಗುತ್ತದೆ. ಅದಕ್ಕೇ ಹೇಳಿದ್ದು, ನಿಮ್ಮ ಕೆಲಸಕ್ಕೆ ನಡೆಯುತ್ತದೆ ಅಂತ. ಹೆಣ್ಣುಮರಿಗಳನ್ನು ಮುಂದಿನ ತಾಯಂದಿರನ್ನಾಗಿ ಇಟ್ಟುಕೊಳ್ಳುವ ಮುನ್ನ ಮಾತ್ರ ಎರಡು ಸಲ ಯೋಚಿಸಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಊರುಗಳಲ್ಲಿ ಕೋಳಿ ತಳಿ ಕೆಡುತ್ತಿರೋದು ಹೊರಗಿನ ತಳಿ ಬೆರೆತಿದ್ದರಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸೋದಿಲ್ಲ. ಮನೆಯಲ್ಲಿ ಎಂಟು ಹುಂಜದ ಮರಿ ಇವೆ ಅನ್ನಿ. ಎಲ್ಲಕ್ಕಿಂತ ಬೇಗ ದಪ್ಪ ಆಗಿ, ಬೇಗ ಕೂಗಿದ್ದು ಯಾವುದು? ಮಾರಮ್ಮನ ಜಾತ್ರೆಗೆ ಅದೇ ಹೋಗುತ್ತದೆ. ಎರಡನೇದು ಅಳಿಯ ಬಂದಾಗ. ಮೂರನೇದು ಯುಗಾದಿಯ ಮಾರನೇ ದಿನ ಹೊಸತೊಡಕಿಗೆ. ಕೊಳ್ಳುವವನೂ ಬುಟ್ಟಿಯಲ್ಲಿ ತೂಕದ್ದನ್ನೇ ಆರಿಸುತ್ತಾನೆ. ಕೊನೆಗೆ ಯಾರಿಗೂ ಬೇಡವಾದ, ಆರು ತಿಂಗಳಾದರೂ ಒಂದೂಕಾಲು ಕೆಜಿ ದಾಟದ ಒಂದು ಹುಂಜ ಉಳಿಯುತ್ತದೆ. ಮುಂದಿನ ವರ್ಷದ ಎಲ್ಲ ಮರಿಗಳಿಗೂ ಅದೇ ಅಪ್ಪ! ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬೀಜಕ್ಕೆ ಇಡುವ ಕೆಲಸ ರಾಗಿಯಲ್ಲಿ ಯಾರಾದರೂ ಮಾಡುತ್ತಾರಾ? ಕೋಳಿಯಲ್ಲಿ ವರ್ಷ ವರ್ಷ ಮಾಡುತ್ತೇವೆ. ಹಾಗಾಗಿ ಮರಿಗೆ ಮೂರು ತಿಂಗಳಾದಾಗಲೇ ಒಳ್ಳೆಯ ಎರಡು ಹುಂಜ ಆರಿಸಿ, ಕಾಲಿಗೆ ಬಣ್ಣದ ಉಂಗುರ ಹಾಕಿಬಿಡಿ. ಉಂಗುರ ಇರುವುದಕ್ಕೆ ನೆಂಟರು ಬಂದರೂ ಕೈ ಹಾಕುವಂತಿಲ್ಲ ಅಂತ ಮನೆಯಲ್ಲಿ ಮಾತಾಗಲಿ.

ಈಗ ನಿಮ್ಮ 14 ಹೇಂಟೆಗಳಿಗೆ ಬರೋಣ. ಎಲ್ಲವನ್ನೂ ಒಂದೇ ಹುಂಜಕ್ಕೆ ಬಿಡಬೇಡಿ. ಇಷ್ಟು ತೂಕದ ಹುಂಜಕ್ಕೆ ಆರರಿಂದ ಎಂಟು ಹೇಂಟೆ ಸಾಕು.

ಕಡಕ್‌ನಾಥ್ ಎರಡನ್ನೂ ಇದರಿಂದ ದೂರ ಇಡಿ. ಮಧ್ಯಪ್ರದೇಶದ ಝಾಬುವಾದ ತಳಿ ಅದು. ಅಲ್ಲಿಯ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದಕ್ಕೆ ಬೆಲೆ ಇರೋದೇ ಚರ್ಮ, ಮಾಂಸ ಕಪ್ಪಾಗಿರುವುದಕ್ಕೆ. ನಿಮ್ಮ ಹುಂಜದ ಹಳದಿ ಕಾಲು ನೋಡಿ. ಚರ್ಮಕ್ಕೆ ಕಪ್ಪು ಇಳಿಯದಂತೆ ತಡೆಯುವ ಗುಣ ಅದರಲ್ಲಿದೆ ಅಂತ ಆ ಕಾಲೇ ಹೇಳುತ್ತಿದೆ. ಅದು ಮರಿಗೆ ದಾಟಿದರೆ ಮರಿ ಅತ್ತ ಕಪ್ಪೂ ಅಲ್ಲ, ಇತ್ತ ನಾಟಿಯೂ ಅಲ್ಲ, ತೇಪೆ ತೇಪೆ. ಕಡಕ್‌ನಾಥ್ ಅಂತ ಮಾರಿದರೆ ಮೋಸ, ನಾಟಿ ಅಂತ ಮಾರಿದರೆ ಗಿರಾಕಿ ಅನುಮಾನ ಪಡುತ್ತಾನೆ. ಆ ಎರಡಕ್ಕೆ ಬೇರೆ ಕಡಕ್‌ನಾಥ್ ಹುಂಜ ಹುಡುಕಿ, ಇಲ್ಲವೇ ಮೊಟ್ಟೆ ಮನೆಗೆ ಬಳಸಿ.

ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಹಲವು ತಳಿ ಕೂಡಿಸಿ ಮಾಡಿದ ಕೋಳಿ. ಮೊಟ್ಟೆ ನಾಟಿಗಿಂತ ಎರಡು ಪಟ್ಟು ಜಾಸ್ತಿ, ತೂಕವೂ ಜಾಸ್ತಿ. ಆದರೆ ಕಾವಿಗೆ ಕೂರೋ ಬುದ್ಧಿ ಇಲ್ಲ. ಗಿರಿರಾಜ ಹುಂಜಕ್ಕೆ ಗಿರಿರಾಜ ಹೇಂಟೆ ಬಿಟ್ಟರೆ ಮಕ್ಕಳು ಒಂದೊಂದು ಒಂದೊಂದು ಥರ ಆಗುತ್ತವೆ. ಕೂಡಿಸಿದ್ದು ಮತ್ತೆ ಬಿಡಿಯಾಗುತ್ತದೆ, ಅಷ್ಟೇ. ನಿಮ್ಮ ಹುಂಜದ ಜೊತೆ ಬಿಟ್ಟರೆ ಮೊದಲ ತಲೆಮಾರಿನ ಮರಿಗಳು ಚೆನ್ನಾಗಿ ಬೆಳೆಯುತ್ತವೆ. ಅಸೀಲ್ ಜೊತೆ ಮೊಟ್ಟೆ ತಳಿ ಕೂಡಿಸುವ ಲೆಕ್ಕ ಹೊಸದೇನಲ್ಲ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆ ಅಸೀಲ್‌ಗೆ ಕ್ಯಾರಿ ರೆಡ್ ಅನ್ನೋ ತಳಿ ಬೆರೆಸಿಯೇ ಹಿತ್ತಲಿಗೆ ‘ನಿರ್ಭೀಕ್’ ಅನ್ನೋ ಕೋಳಿ ಮಾಡಿದ್ದು. ನಾಲ್ಕು ಗಿರಿರಾಜದಲ್ಲಿ ಚೆನ್ನಾಗಿರುವ ಎರಡನ್ನು ಬಿಡಿ, ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡಿ. ಆ ಮರಿಗಳು ಪೂರ್ತಿ ಮಾಂಸಕ್ಕೆ. ಅದರಲ್ಲಿ ಎಷ್ಟೇ ಸೊಗಸಾದ ಹುಂಜ ಬಂದರೂ ತಳಿಗೆ ಉಳಿಸಬೇಡಿ. ನೋಡಲು ರಾಜ, ಮಕ್ಕಳು ಲಾಟರಿ.

ಬೋಳು ಕತ್ತಿನವನ್ನು ಜನ ನಕ್ಕು ಬಿಟ್ಟುಬಿಡುತ್ತಾರೆ. ನಿಮ್ಮಂಥ ಬಿಸಿಲೂರಿಗೆ ಅವು ಚಿನ್ನ. ಗರಿ ಕಮ್ಮಿ ಇರೋದರಿಂದ ಮೈ ಬಿಸಿ ಬೇಗ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲೂ ಮೇವು ಬಿಡೋದಿಲ್ಲ. ಕತ್ತಿನ ಮುಂಭಾಗ ನೋಡಿ. ಒಂದು ಸಣ್ಣ ಗೊಂಚಲು ಗರಿ ಉಳಿದಿದ್ದರೆ ಅದಕ್ಕೆ ಬೋಳು ಗುಣ ಒಂದು ಕಡೆಯಿಂದ ಮಾತ್ರ ಬಂದಿದೆ, ನಿಮ್ಮ ಹುಂಜಕ್ಕೆ ಬಿಟ್ಟರೆ ಅರ್ಧ ಮರಿಗೆ ಬೋಳು ಕತ್ತು. ಕತ್ತು ಪೂರ್ತಿ ಬೋಳಾಗಿದ್ದರೆ ಎರಡೂ ಕಡೆಯಿಂದ ಬಂದಿದೆ, ಎಲ್ಲ ಮರಿಗೂ ಬರುತ್ತದೆ. ಎರಡನ್ನೂ ಬಿಡಿ.

ಉಳಿದದ್ದು ಆರು ನಾಟಿ. ಇವೇ ನಿಮ್ಮ ಬೇರು, ಇಲ್ಲೇ ಜಾಸ್ತಿ ಹೊತ್ತು ಕೂತು ಆರಿಸಬೇಕು. ಒಂದೊಂದನ್ನೇ ರಾತ್ರಿ ಎತ್ತಿಕೊಳ್ಳಿ. ತಲೆಯನ್ನು ಕಂಕುಳ ಕಡೆ ಮಾಡಿ ಹಿಡಿದು, ಬಾಲದ ಕೆಳಗೆ ಮೊಟ್ಟೆ ಬರುವ ದಾರಿಯ ಎರಡು ಪಕ್ಕದಲ್ಲಿ ಚೂಪು ಮೂಳೆಗಳನ್ನು ಮುಟ್ಟಿ. ಅವುಗಳ ನಡುವೆ ಎರಡರಿಂದ ಮೂರು ಬೆರಳು ಕೂತರೆ ಅದು ಮೊಟ್ಟೆ ಇಡುತ್ತಿರುವ ಹೇಂಟೆ. ಒಂದೇ ಬೆರಳು ಕೂತರೆ ಇಡುತ್ತಿಲ್ಲ. ಆ ಮೂಳೆಗಳಿಂದ ಎದೆ ಮೂಳೆಯ ತುದಿವರೆಗೆ ಮೂರು ನಾಲ್ಕು ಬೆರಳು ಜಾಗ ಇರಬೇಕು, ಮುಟ್ಟಿದರೆ ಹೊಟ್ಟೆ ಕಲಸಿದ ಹಿಟ್ಟಿನಂತೆ ಮೆತ್ತಗಿರಬೇಕು. ದ್ವಾರ ಅಗಲವಾಗಿ ತೇವವಾಗಿದ್ದರೆ ಇಡುತ್ತಿದೆ, ಒಣಗಿ ಮುದುರಿದ್ದರೆ ಇಲ್ಲ. ಮರಿ ಜೊತೆ ಇರುವ ಅಥವಾ ಕಾವಿಗೆ ಕೂತ ಹೇಂಟೆಯನ್ನು ಹೀಗೆ ಅಳೆದು ಬೈಯಬೇಡಿ, ಅದಕ್ಕೆ ರಜೆ.

ಕೈಲೆಕ್ಕ ಇವತ್ತಿನದ್ದು ಹೇಳುತ್ತದೆ. ಹೇಂಟೆಯ ನಿಜವಾದ ಬೆಲೆ ಬೇರೆ ಕಡೆ ಇದೆ. ಹೋದ ಸಲ ಹನ್ನೆರಡು ಮೊಟ್ಟೆಯಲ್ಲಿ ಎಷ್ಟು ಒಡೆಸಿತು, ಎರಡು ತಿಂಗಳಾದಾಗ ಎಷ್ಟು ಮರಿ ಜೀವಂತ ಇದ್ದವು? ಹತ್ತು ಒಡೆಸಿ ಮೂರು ಉಳಿಸುವ ಹೇಂಟೆಗಿಂತ ಎಂಟು ಒಡೆಸಿ ಏಳು ಉಳಿಸುವುದು ಮೇಲು. ಗಿಡುಗ ಕಂಡರೆ ಮರಿಗಳನ್ನು ಬೇಲಿ ಕೆಳಗೆ ನುಗ್ಗಿಸುವ ಹೇಂಟೆ ಯಾವುದು ಅಂತ ನಿಮಗಿಂತ ನಿಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ. ಇಷ್ಟು ವರ್ಷದಲ್ಲಿ ನನಗೆ ಸರಿಯಾದ ಉತ್ತರ ಸಿಕ್ಕಿರೋದು ಯಾವಾಗಲೂ ಅಲ್ಲಿಂದಲೇ. ತೂಕ ಒಂದೂವರೆ ಕೆಜಿ ಆಸುಪಾಸು ಇರುವ ಹೇಂಟೆಯನ್ನೇ ಆರಿಸಿ. ತೀರಾ ಸಣ್ಣ ಹೇಂಟೆಯ ಮೇಲೆ ಮೂರು ಕೆಜಿ ಹುಂಜ ಹತ್ತಿದರೆ ಬೆನ್ನಿನ ಗರಿ ಕಿತ್ತು ಚರ್ಮ ಹರಿಯುತ್ತದೆ. ಹುಂಜದ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಮೊದಲ ಸಲ ಮೊಟ್ಟೆಗೆ ಬಂದ ಎಳೆ ಹೇಂಟೆಯ ಮೊಟ್ಟೆ ಚಿಕ್ಕದು, ಮರಿಯೂ ಚಿಕ್ಕದು. ಎರಡನೇ ಸರದಿಯಿಂದ ಬೀಜಕ್ಕೆ ತೆಗೆಯಿರಿ.

ಆರರಲ್ಲಿ ಮೂರು ನಾಲ್ಕು ಸಿಕ್ಕರೆ ಸಾಕು. ಉಳಿದವು ಕಾವಿಗೆ ಕೂರಲಿ, ಅವುಗಳ ಮೊಟ್ಟೆ ಅಡುಗೆಮನೆಗೆ ಹೋಗಲಿ.

ಈಗ ಮನೆಯಲ್ಲಿ ಹಳೇ ಹುಂಜ ಇದ್ದರೆ ಅದನ್ನು ಬೇರೆ ಮಾಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೇಂಟೆ ಒಂದು ಸಲ ಕೂಡಿದ ಮೇಲೆ ಆ ಬೀಜವನ್ನು ಹೊಟ್ಟೆಯೊಳಗೆ ಎರಡು ವಾರ, ಕೆಲವು ಸಲ ಇನ್ನೂ ಜಾಸ್ತಿ ದಿನ ಕಾಪಿಟ್ಟುಕೊಳ್ಳುತ್ತದೆ. ಹೊಸ ಹುಂಜ ಬಿಟ್ಟ ಮಾರನೇ ವಾರದ ಮರಿ ಹಳೆಯದರದ್ದೇ ಇರಬಹುದು. ಮೂರು ವಾರ ಬಿಟ್ಟು ಮೊಟ್ಟೆ ತೆಗೆದಿಡಿ. ಜುಟ್ಟಿನ ಪರೀಕ್ಷೆಗೂ ಇದು ಮುಖ್ಯ, ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ. ಯಾವ ಹೇಂಟೆಯ ಮೊಟ್ಟೆ ಅಂತ ತಿಳಿಯಲು, ಬೆಳಗ್ಗೆ ಹೊಟ್ಟೆಯಲ್ಲಿ ಮೊಟ್ಟೆ ಇರುವ ಹೇಂಟೆಯನ್ನು ಮಧ್ಯಾಹ್ನದವರೆಗೆ ಬುಟ್ಟಿ ಕವುಚಿ ಇಡಿ. ಇಟ್ಟ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ಹೇಂಟೆಯ ಗುರುತು ಬರೆಯಿರಿ. ಸ್ಕೆಚ್ ಪೆನ್ ಬೇಡ. ಏಳು ದಿನ ದಾಟಿದ ಮೊಟ್ಟೆಯನ್ನು ಕಾವಿಗಿಡಬೇಡಿ. ನಿಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಹುಂಜದ ಬೀಜವೂ ಸೊರಗುತ್ತದೆ, ಮೊಟ್ಟೆಯೂ ಕೆಡುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ.

ಈ ಹುಂಜವನ್ನು ಅದರ ಮಗಳ ಮೇಲೆ ಬಿಡಬೇಡಿ. ಇದು ಸುಮ್ಮನೆ ಶಾಸ್ತ್ರದ ಮಾತಲ್ಲ. ನಾನು ಶುರುವಿನಲ್ಲಿ ನಾಲ್ಕು ವರ್ಷ ಮನೆಯ ಮಂದೆಯಲ್ಲೇ ಹುಟ್ಟಿದ ಅತಿ ದೊಡ್ಡ ಹುಂಜವನ್ನೇ ಉಳಿಸಿಕೊಂಡು ಬಂದೆ. ಮೊದಲ ವರ್ಷ ಹನ್ನೆರಡಕ್ಕೆ ಹತ್ತು ಹನ್ನೊಂದು ಮರಿ. ನಾಲ್ಕನೇ ವರ್ಷ ಆರು, ಅದರಲ್ಲಿ ಒಂದಕ್ಕೆ ಕೊಕ್ಕು ಅಡ್ಡ. ಮೇವು ಬದಲಿಸಿದೆ, ಗೂಡು ಬದಲಿಸಿದೆ, ಹುಂಜ ಮಾತ್ರ ಬದಲಿಸಲಿಲ್ಲ. ಬುದ್ಧಿ ಬರೋಷ್ಟರಲ್ಲಿ ಒಳ್ಳೆ ಹೇಂಟೆಗಳಿಗೆ ವಯಸ್ಸಾಗಿತ್ತು. ಮಗಳು ಮೊಟ್ಟೆಗೆ ಬರುವ ಹೊತ್ತಿಗೆ ಹುಂಜವನ್ನು ಬೇರೆ ಊರಿನ ಪರಿಚಯದವರ ಜೊತೆ ಅದಲು ಬದಲು ಮಾಡಿಕೊಳ್ಳಿ. ಮುಂದಿನ ಹುಂಜ ಅಸೀಲ್ ಬೇಡ, ಚೆನ್ನಾಗಿ ಮೊಟ್ಟೆ ಇಟ್ಟು ಮರಿ ಸಾಕಿದ ನಾಟಿ ತಾಯಿಯ ಮಗ ಇರಲಿ. ಹಾಗೆ ಮಾಡಿದರೆ ತೂಕವೂ ಸ್ವಲ್ಪ ಉಳಿಯುತ್ತದೆ, ಮೊಟ್ಟೆಯೂ ಕೈಬಿಟ್ಟು ಹೋಗೋದಿಲ್ಲ.

ಕೊನೆಗೆ ಆರೋಗ್ಯ. ಸಂತೆಯಿಂದ ತಂದ ಕೋಳಿಯನ್ನು ಮೂರು ನಾಲ್ಕು ವಾರ ಬೇರೆ ಇಟ್ಟಿದ್ದೀರಾ? ನೀವು ಬರೆದಿಲ್ಲ. ಇಟ್ಟಿಲ್ಲ, ಆದರೂ ಎಲ್ಲ ಚೆನ್ನಾಗಿವೆ ಅಂದರೆ ಈ ಸಲ ಬಚಾವ್. ಕೊಕ್ಕರೆ ರೋಗ (ರಾಣಿಖೇತ್) ಒಂದು ಸಲ ಒಳಗೆ ಬಂದರೆ ಆರಿಸಲು ಹೇಂಟೆಯೇ ಉಳಿಯೋದಿಲ್ಲ. ಲಸಿಕೆ ಹಾಕಿಸಿಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ. ಹುಟ್ಟಿದ ಮರಿಗಳು ಮೊದಲ ಎರಡು ವಾರದಲ್ಲಿ ಹಿಂಭಾಗಕ್ಕೆ ಬಿಳಿ ಕಕ್ಕಸು ಮೆತ್ತಿಕೊಂಡು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ತಾಯಿಯಲ್ಲೇ ಸೋಂಕು ಇರಬಹುದು, ಅದು ಮೊಟ್ಟೆಯಲ್ಲೇ ಬರುತ್ತದೆ. ಒಂದು ಹನಿ ರಕ್ತದಲ್ಲಿ ನೋಡುವ ಪರೀಕ್ಷೆ ಇದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೋಂಕು ಕಂಡ ಹೇಂಟೆ ಎಷ್ಟೇ ಒಳ್ಳೆ ತಾಯಿಯಾದರೂ ಬೀಜಕ್ಕೆ ಬೇಡ.

ಮೊದಲ ತಂಡದ ಮರಿಗಳಿಗೆ ಮೂರು ವಾರ ತುಂಬಿದಾಗ ಜುಟ್ಟು ನೋಡಿ ಎಣಿಸಿ. ಎಷ್ಟಕ್ಕೆ ಗರಗಸ, ಎಷ್ಟಕ್ಕೆ ಗುಳ್ಳೆ ಅಂತ ಬರೆದು ಕಳಿಸಿ. ಹತ್ತಕ್ಕೆ ನಾಲ್ಕೈದು ಗರಗಸ ಬರುತ್ತವೆ ಅಂತ ನನ್ನ ಅಂದಾಜು. ತಪ್ಪಾದರೆ ಸಂತೆಯಲ್ಲಿ ಮಾರಿದವರ ಕ್ಷಮೆ ಕೇಳಲು ನಾನೇ ನಿಮ್ಮೂರಿಗೆ ಬರುತ್ತೇನೆ.